ವಿಮಾನಗಳೇ ಹಾರದಿದ್ದಾಗ ವಿಮಾನ ನಿಲ್ದಾಣಗಳ ಪ್ರಾಧಿಕಾರದ ಸಂಸಾರ ನಡೆದದ್ದು ಹೇಗೆ?

ಧಾರವಾಡದ ವಿದ್ಯಾರ್ಥಿನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಎಂ.ಕಾಂ. ಅಂತಿಮ ವರ್ಷದಲ್ಲಿದ್ದು, ಬೇಡಿಕೆ ಏಕಾಏಕಿ ಕುಸಿದಾಗ ಸಾರ್ವಜನಿಕ ಸಂಸ್ಥೆಗಳು ತಮ್ಮ ಹಣಕಾಸನ್ನು ಹೇಗೆ ನಿಭಾಯಿಸುತ್ತವೆ ಎಂಬ ವಿಷಯವಾಗಿ ಕಿರುಪ್ರಬಂಧ ಬರೆಯುತ್ತಿದ್ದೇನೆ. ಉದಾಹರಣೆಗೆಂದು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವನ್ನು, ಅಂದರೆ ಎಎಐಯನ್ನು, ಆರಿಸಿಕೊಂಡಿದ್ದೇನೆ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅಂಕಿಅಂಶಗಳ ಪ್ರಕಾರ 2019ರಲ್ಲಿ ದೇಶದೊಳಗೆ ಸುಮಾರು 14.4 ಕೋಟಿ ಜನ ವಿಮಾನದಲ್ಲಿ ಪ್ರಯಾಣಿಸಿದ್ದರು. ಕೋವಿಡ್ ಹರಡಿದ 2020ರಲ್ಲಿ ಆ ಸಂಖ್ಯೆ ಸುಮಾರು 6.3 ಕೋಟಿಗೆ ಇಳಿಯಿತು. ಮಾರ್ಚ್ 25ರಿಂದ ಎರಡು ತಿಂಗಳ ಕಾಲ ದೇಶದೊಳಗಿನ ನಿಗದಿತ ಪ್ರಯಾಣಿಕ ವಿಮಾನಗಳು ಸಂಪೂರ್ಣವಾಗಿ ನಿಂತಿದ್ದವು. ಮೇ 25ರಂದು ಮತ್ತೆ ಆರಂಭವಾದಾಗಲೂ ಬೇಸಿಗೆ ವೇಳಾಪಟ್ಟಿಯ ಮೂರನೆಯ ಒಂದು ಭಾಗಕ್ಕೆ ಮಾತ್ರ ಅನುಮತಿಯಿತ್ತು. ಆ ಮಿತಿಯನ್ನು ಹಂತಹಂತವಾಗಿ ಸಡಿಲಿಸಿ, ನಡುವೆ ಎರಡನೆಯ ಅಲೆಯಲ್ಲಿ ಮತ್ತೆ ಬಿಗಿಗೊಳಿಸಿ, ಕೊನೆಗೆ ಪೂರ್ತಿಯಾಗಿ ತೆಗೆದದ್ದು 2021ರ ಅಕ್ಟೋಬರ್ 18ರಂದು. ನಿಗದಿತ ಅಂತರರಾಷ್ಟ್ರೀಯ ಸಂಚಾರವಂತೂ ಪುನರಾರಂಭವಾದದ್ದು 2022ರ ಮಾರ್ಚ್ 27ರಂದು.

ನನ್ನ ಪ್ರಶ್ನೆ ಇದು. ಬಸ್ಸುಗಳನ್ನು ನಿಲ್ಲಿಸಿದರೆ ಸಾರಿಗೆ ನಿಗಮಕ್ಕೆ ಡೀಸೆಲ್ ಖರ್ಚಾದರೂ ಉಳಿಯುತ್ತದೆ. ವಿಮಾನಗಳನ್ನು ನಿಲ್ಲಿಸಿದರೆ ಪ್ರಾಧಿಕಾರಕ್ಕೆ ಉಳಿಯುವುದೇನು? ಏನೂ ಉಳಿಯದಿದ್ದರೆ, ಆ ಎರಡು ವರ್ಷಗಳ ಕೊರತೆಯನ್ನು ಅಂತಿಮವಾಗಿ ಯಾರು ತುಂಬಿದರು? ಪ್ರಾಧಿಕಾರ ಲಾಭದಿಂದ ನಷ್ಟಕ್ಕೆ ಜಾರಿತು ಎಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇನೆ. ಆದರೆ ಆ ಒಂದು ವಾಕ್ಯದ ಹಿಂದೆ ನಡೆದದ್ದೇನು ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಲೆಕ್ಕಿಗ

ತಂಗೀ, ಪ್ರಶ್ನೆಯನ್ನು ಸರಿಯಾದ ಜಾಗದಿಂದಲೇ ಆರಂಭಿಸಿದ್ದೀಯ. ನಾನು ಈ ಕ್ಷೇತ್ರದ ಲೆಕ್ಕಪತ್ರಗಳ ನಡುವೆ ಬಹುಕಾಲ ಕಳೆದವನಾದ್ದರಿಂದ ಆದಾಯದ ಕಡೆಯಿಂದ ಹೇಳುತ್ತೇನೆ. ಖರ್ಚಿನ ಕಡೆಯ ವಿವರವನ್ನು ಇಲ್ಲಿರುವ ಇತರರು ನನಗಿಂತ ಚೆನ್ನಾಗಿ ಹೇಳಬಲ್ಲರು.

1995ರ ಏಪ್ರಿಲ್ 1ರಂದು ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳ ಎರಡು ಪ್ರತ್ಯೇಕ ಪ್ರಾಧಿಕಾರಗಳನ್ನು ಒಂದುಗೂಡಿಸಿ ರಚಿಸಿದ ಈ ಸಂಸ್ಥೆಗೆ ಎರಡು ಮುಖಗಳಿವೆ. ಒಂದು, ನಿಲ್ದಾಣಗಳ ಒಡೆತನ ಮತ್ತು ನಿರ್ವಹಣೆ. ಇನ್ನೊಂದು, ದೇಶದ ಇಡೀ ವಾಯುಪ್ರದೇಶದಲ್ಲಿ ಸಂಚಾರ ನಿಯಂತ್ರಣ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಎಂಬ ನಾಲ್ಕು ಹಾರಾಟ ಮಾಹಿತಿ ವಲಯಗಳಲ್ಲಿ, ಸಾಗರದ ಮೇಲಿನ ಭಾಗವೂ ಸೇರಿ ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿ ಆಕಾಶಕ್ಕೆ ಅದೇ ಹೊಣೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವನ್ನು ನಡೆಸುವ ಕಂಪನಿ ಬೇರೆಯಾದರೂ ಅಲ್ಲಿನ ನಿಯಂತ್ರಣ ಗೋಪುರದಲ್ಲಿ ಕುಳಿತಿರುವವರು ಪ್ರಾಧಿಕಾರದವರೇ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ಈ ಎರಡೂ ಮುಖಗಳಿಂದ ಬರುವ ಹಣದ ಸ್ವರೂಪವನ್ನು ನೋಡು. ಆಕಾಶಮಾರ್ಗ ಶುಲ್ಕ ಬರುವುದು ಹಾರಿದ ದೂರ ಮತ್ತು ವಿಮಾನದ ತೂಕದ ಮೇಲೆ. ಇಳಿಯುವ ಶುಲ್ಕ ತೂಕದ ಮೇಲೆ. ಬಳಕೆದಾರರ ಅಭಿವೃದ್ಧಿ ಶುಲ್ಕ, ಅಂದರೆ ಟಿಕೆಟ್ಟಿನಲ್ಲಿ ಯುಡಿಎಫ್ ಎಂದು ಕಾಣುವುದು, ಪ್ರಯಾಣಿಕರ ತಲೆಯ ಮೇಲೆ. ಅಂಗಡಿ, ಜಾಹೀರಾತು, ವಾಹನ ನಿಲುಗಡೆಯ ಬಾಡಿಗೆ ಹೆಸರಿಗೆ ಸ್ಥಿರವಾದರೂ ಗಿರಾಕಿಯೇ ಇಲ್ಲದ ಅಂಗಡಿಯವನಿಂದ ಕನಿಷ್ಠ ಖಾತರಿ ಮೊತ್ತವನ್ನು ವಸೂಲು ಮಾಡಲು ಹೊರಟರೆ ಅವನು ಬೀಗದ ಕೈ ಒಪ್ಪಿಸಿ ಹೋಗುತ್ತಾನೆ. ಹಾಗಾಗಿ ಅಲ್ಲಿಯೂ ರಿಯಾಯಿತಿ ಕೊಡಲೇಬೇಕಾಯಿತು. ಇವೆಲ್ಲದರಾಚೆ ಇರುವುದು ಖಾಸಗಿಯವರಿಗೆ ವಹಿಸಿದ ನಿಲ್ದಾಣಗಳಿಂದ ಬರುವ ಪಾಲು. ದೆಹಲಿ ನಿಲ್ದಾಣದ ಆದಾಯದಲ್ಲಿ ಶೇ 45.99, ಮುಂಬೈಯದರಲ್ಲಿ ಶೇ 38.7 ಪ್ರಾಧಿಕಾರಕ್ಕೆ ಸೇರಬೇಕೆಂದು 2006ರ ಒಪ್ಪಂದಗಳು ಹೇಳುತ್ತವೆ. ಸುಂಕಗಳು ಬತ್ತಿದರೂ ಒಪ್ಪಂದದ ಹಣ ಬರುತ್ತದೆಯಲ್ಲ ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ.

ಅದು ಬರಲಿಲ್ಲ. ದೆಹಲಿ ಮತ್ತು ಮುಂಬೈಯ ನಿರ್ವಾಹಕ ಕಂಪನಿಗಳು, ಯಾರ ಹತೋಟಿಗೂ ಸಿಗದ ಆಪತ್ತು ಬಂದರೆ ಹೊಣೆಯಿಂದ ವಿನಾಯಿತಿ ಕೊಡುವ ಷರತ್ತನ್ನು ಮುಂದಿಟ್ಟು ವಾರ್ಷಿಕ ಶುಲ್ಕ ಕೊಡುವುದನ್ನು ನಿಲ್ಲಿಸಿದವು. ವ್ಯಾಜ್ಯ ಮಧ್ಯಸ್ಥಿಕೆಗೆ ಹೋಯಿತು. 2024ರ ಜನವರಿಯಲ್ಲಿ ದೆಹಲಿಯ ಪ್ರಕರಣದಲ್ಲಿ ಬಂದ ತೀರ್ಪು, 2020ರ ಮಾರ್ಚ್ 19ರಿಂದ 2022ರ ಫೆಬ್ರವರಿ 28ರವರೆಗಿನ ಶುಲ್ಕವನ್ನು ಕಂಪನಿ ಕೊಡಬೇಕಾಗಿಲ್ಲ ಎಂದಿತು. ಮುಂಬೈಯ ಪ್ರಕರಣವೂ ಬಹುತೇಕ ಅದೇ ದಾರಿ ಹಿಡಿಯಿತು. ಪ್ರಾಧಿಕಾರ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ವ್ಯಾಜ್ಯದ ಗುಣಾವಗುಣಗಳನ್ನು ನಾನು ಇಲ್ಲಿ ಎಳೆಯುವುದಿಲ್ಲ. ನಿನ್ನ ಪ್ರಬಂಧಕ್ಕೆ ಬೇಕಾದದ್ದು ಇಷ್ಟು: ಸಂಚಾರ ಕುಸಿದಾಗ ತನಗೆ ಆಸರೆಯಾಗಬೇಕಿದ್ದ ಒಪ್ಪಂದದ ಆದಾಯವೂ ಸಂಚಾರದೊಂದಿಗೇ ಕುಸಿಯಿತು. ಬೇರೆ ಬೇರೆ ಹೆಸರಿನ ಐದಾರು ಬಾಬತ್ತುಗಳಿದ್ದರೂ ಮೂಲದಲ್ಲಿ ಅವೆಲ್ಲ ಒಂದೇ ಬಾಬತ್ತು.

ಆಕಾಶಮಾರ್ಗ ಶುಲ್ಕದ ಬಗ್ಗೆ ಇನ್ನೊಂದು ಮಾತು. ನಮ್ಮ ನೆಲದಲ್ಲಿ ಇಳಿಯದೆ ಮೇಲಿನಿಂದಲೇ ಹಾದುಹೋಗುವ ವಿದೇಶಿ ವಿಮಾನಗಳೂ ಇದನ್ನು ತೆರಬೇಕು. ಇದು ಕುಸಿಯಲು ಸಾಂಕ್ರಾಮಿಕ ರೋಗವೇ ಬೇಕೆಂದಿಲ್ಲ. 2019ರ ಫೆಬ್ರವರಿ 27ರಿಂದ ಜುಲೈ 16ರವರೆಗೆ ಪಾಕಿಸ್ತಾನ ತನ್ನ ವಾಯುಪ್ರದೇಶದ ಬಹುಭಾಗವನ್ನು ಮುಚ್ಚಿದಾಗ ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರಕ್ಕೆ 850 ಕೋಟಿ ಪಾಕಿಸ್ತಾನಿ ರೂಪಾಯಿ ನಷ್ಟವಾಯಿತೆಂದು ಆ ದೇಶದ ವಿಮಾನಯಾನ ಸಚಿವರೇ ಹೇಳಿದರು. ಅಲ್ಲಿ ಬಾಗಿಲು ಹಾಕಿದ್ದು ಸರ್ಕಾರ, ಬಾಡಿಗೆ ಕಳೆದುಕೊಂಡದ್ದು ಪ್ರಾಧಿಕಾರ.

ಗೋಪುರದ ನೆರಳು

ಲೆಕ್ಕಿಗರು ಖರ್ಚಿನ ಭಾಗವನ್ನು ಬೇರೆಯವರಿಗೆ ಬಿಟ್ಟಿರುವುದರಿಂದ, ಸಂಚಾರ ನಿಯಂತ್ರಣದ ಕೆಲಸವನ್ನು ಹತ್ತಿರದಿಂದ ಬಲ್ಲವನಾಗಿ ನಾಲ್ಕು ಮಾತು ಸೇರಿಸುತ್ತೇನೆ.

ಮೊದಲನೆಯದಾಗಿ, ನಿಗದಿತ ವಿಮಾನಗಳು ನಿಂತಿದ್ದವೇ ಹೊರತು ಆಕಾಶ ಖಾಲಿಯಾಗಿರಲಿಲ್ಲ. ಸರಕು ವಿಮಾನಗಳು, ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಸಾಗಿಸಿದ ವಿಮಾನಗಳು, ವಾಯುಪಡೆಯ ಹಾರಾಟಗಳು, 2020ರ ಮೇ 7ರಿಂದ ವಿದೇಶಗಳಲ್ಲಿದ್ದವರನ್ನು ಕರೆತಂದ ವಂದೇ ಭಾರತ್ ವಿಮಾನಗಳು ಇದ್ದೇ ಇದ್ದವು. ರಾತ್ರಿ ಎರಡು ಗಂಟೆಗೆ ಬರುವ ಒಂದೇ ಒಂದು ವಿಮಾನಕ್ಕೂ ರೇಡಾರ್ ಕೆಲಸ ಮಾಡುತ್ತಿರಬೇಕು, ರನ್‌ವೇ ದೀಪಗಳು ಉರಿಯಬೇಕು, ಇಳಿಯಲು ದಾರಿ ತೋರಿಸುವ ಉಪಕರಣದ ತಪಾಸಣೆ ಅವಧಿ ಮೀರಿರಬಾರದು, ಹವಾಮಾನದ ವರದಿ ಸಿದ್ಧವಾಗಿರಬೇಕು.

ಅಗ್ನಿಶಾಮಕ ದಳದ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಒಂದು ನಿಲ್ದಾಣದಲ್ಲಿ ಎಷ್ಟು ಅಗ್ನಿಶಾಮಕ ವಾಹನ, ಎಷ್ಟು ನೀರು, ಎಷ್ಟು ನೊರೆ ಇರಬೇಕೆಂಬುದನ್ನು ನಿರ್ಧರಿಸುವುದು ಅಲ್ಲಿಗೆ ಬರುವ ವಿಮಾನದ ಉದ್ದ ಮತ್ತು ಅಗಲ. ಎಟಿಆರ್-72 ಬರುವಲ್ಲಿ ಐದನೆಯ ದರ್ಜೆ, ಏರ್‌ಬಸ್ ಎ320 ಬರುವಲ್ಲಿ ಆರನೆಯ ದರ್ಜೆ. ವರ್ಷದ ಅತ್ಯಂತ ದಟ್ಟಣೆಯ ಮೂರು ತಿಂಗಳಲ್ಲಿ ಆ ಗಾತ್ರದ ವಿಮಾನಗಳ ಏರಿಳಿತ 700ಕ್ಕಿಂತ ಕಡಿಮೆಯಿದ್ದರೆ ಒಂದು ದರ್ಜೆ ಇಳಿಸಿಕೊಳ್ಳಲು ಅಂತರರಾಷ್ಟ್ರೀಯ ನಿಯಮ ಅವಕಾಶ ಕೊಡುತ್ತದೆ, ಆದರೆ ಒಂದೇ ದರ್ಜೆ. ಅಂದರೆ ದಿನಕ್ಕೆ ಹತ್ತು ವಿಮಾನ ಬರುತ್ತಿದ್ದ ಹುಬ್ಬಳ್ಳಿ ಅಥವಾ ಬೆಳಗಾವಿಯಂಥ ನಿಲ್ದಾಣಕ್ಕೆ ಒಂದೇ ವಿಮಾನ ಬಂದರೂ ಆ ಒಂದು ವಿಮಾನ ಇಳಿಯುವಾಗ ರನ್‌ವೇಯ ಯಾವುದೇ ಬಿಂದುವಿಗೆ ಮೂರು ನಿಮಿಷದೊಳಗೆ ತಲಪಬಲ್ಲ ತಂಡ ಸಿದ್ಧವಾಗಿ ನಿಂತಿರಲೇಬೇಕು. ವಿದ್ಯಾರ್ಥಿನಿ ಕೇಳಿದ ಡೀಸೆಲ್ ಉಳಿತಾಯಕ್ಕೆ ಇಲ್ಲಿ ಸಮನಾದದ್ದು ಟರ್ಮಿನಲ್ಲಿನ ಹವಾನಿಯಂತ್ರಣ, ಶುಚಿತ್ವದ ಗುತ್ತಿಗೆಯ ಒಂದು ಭಾಗ, ಮುಚ್ಚಿದ ಪ್ರವೇಶದ್ವಾರಗಳ ಸಿಬ್ಬಂದಿ, ಅಷ್ಟೆ.

ಇದರ ಜೊತೆಗೆ ಒಂದು ವಿಚಿತ್ರ ಸಮಸ್ಯೆಯೂ ಬಂತು. ನಮ್ಮ ವಿಮಾನಯಾನ ಕಂಪನಿಗಳ ಬಳಿ ಇದ್ದ ಆರುನೂರಕ್ಕೂ ಹೆಚ್ಚು ವಿಮಾನಗಳು ಒಂದೇ ಸಮಯದಲ್ಲಿ ನೆಲದ ಮೇಲೆ ನಿಲ್ಲುವಂಥ ಸನ್ನಿವೇಶವನ್ನು ಯಾವ ನಿಲ್ದಾಣದ ನಕ್ಷೆಯೂ ಎಣಿಸಿರಲಿಲ್ಲ, ಏಕೆಂದರೆ ಸಾಮಾನ್ಯ ದಿನಗಳಲ್ಲಿ ಅವುಗಳಲ್ಲಿ ಬಹುಪಾಲು ಹಗಲು ಹೊತ್ತು ಗಾಳಿಯಲ್ಲೇ ಇರುತ್ತವೆ. ಸಂಚಾರ ಶೂನ್ಯವಾದ ದಿನವೇ ಜಾಗದ ಅಭಾವ ಕಾಣಿಸಿಕೊಂಡಿತು. ರನ್‌ವೇಗೆ ಹೋಗಿಬರುವ ದಾರಿಗಳಾದ ಟ್ಯಾಕ್ಸಿವೇಗಳನ್ನು ಮುಚ್ಚಿ ವಿಮಾನಗಳನ್ನು ಸಾಲಾಗಿ ನಿಲ್ಲಿಸಬೇಕಾಯಿತು.

ಆದರೆ ನನ್ನ ಮುಖ್ಯ ಮಾತು ಮನುಷ್ಯರ ಬಗ್ಗೆ. ಸಂಚಾರ ನಿಯಂತ್ರಕನ ಅರ್ಹತೆ ಒಂದು ಸಲ ಪಡೆದು ಪೆಟ್ಟಿಗೆಯಲ್ಲಿಡುವ ಪ್ರಮಾಣಪತ್ರವಲ್ಲ. ಅವನು ತನ್ನ ಘಟಕದಲ್ಲಿ, ತನ್ನ ಸ್ಥಾನದಲ್ಲಿ ಕುಳಿತು ಕೆಲಸ ಮಾಡುತ್ತಿದ್ದರೆ ಮಾತ್ರ ಅದು ಜೀವಂತ. ದೀರ್ಘಕಾಲ ಮನೆಯಲ್ಲಿ ಕೂರಿಸಿದರೆ ಮತ್ತೆ ತರಬೇತಿ ಕೊಡಬೇಕು, ಮತ್ತೆ ಪರೀಕ್ಷಿಸಬೇಕು. ಸೋಂಕು ಇಡೀ ಪಾಳಿಗೆ ಹರಡದಂತೆ ತಂಡಗಳನ್ನು ಒಂದಕ್ಕೊಂದು ಮುಖಾಮುಖಿಯಾಗದಂತೆ ವಿಂಗಡಿಸಬೇಕಾದ್ದರಿಂದ, ಕೆಲಸ ಕಡಿಮೆಯಿದ್ದಾಗಲೂ ಬೇಕಾದ ಜನ ಕಡಿಮೆಯಾಗಲಿಲ್ಲ. ಮೂರು ವಿಮಾನಗಳನ್ನು ನೋಡಿಕೊಂಡು ಕೈ ತಣ್ಣಗಾದವನ ಮುಂದೆ ಒಂದು ಬೆಳಿಗ್ಗೆ ಮೂವತ್ತು ವಿಮಾನಗಳು ಬಂದು ನಿಂತರೆ ಏನಾಗಬಹುದೆಂಬುದು ಆ ದಿನಗಳಲ್ಲಿ ಜಗತ್ತಿನ ಎಲ್ಲ ನಿಯಂತ್ರಣ ಕೇಂದ್ರಗಳ ಚಿಂತೆಯಾಗಿತ್ತು.

ಹಣ ಉಳಿಸಲು ಇಲ್ಲಿ ಕೈಹಾಕಿದವರು ಅದರ ಬೆಲೆ ತೆತ್ತಿದ್ದಾರೆ. ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತ ಒಕ್ಲಹೋಮ ಸಿಟಿಯಲ್ಲಿರುವ ತನ್ನ ತರಬೇತಿ ಅಕಾಡೆಮಿಯನ್ನು 2020ರಲ್ಲಿ ಕೆಲವು ತಿಂಗಳು ಮುಚ್ಚಿತ್ತು. ಅಲ್ಲಿ ಕಾರಣ ಹಣವಲ್ಲ, ಸೋಂಕಿನ ಭಯ. ಆದರೆ ಪರಿಣಾಮಕ್ಕೆ ಕಾರಣದ ಹಂಗಿಲ್ಲ. 2023ರಲ್ಲಿ ನ್ಯೂಯಾರ್ಕ್ ಸುತ್ತಲಿನ ನಿಲ್ದಾಣಗಳಲ್ಲಿ ನಿಯಂತ್ರಕರ ಕೊರತೆಯಿಂದಾಗಿ, ವಿಮಾನಗಳನ್ನು ಶೇ 10ರವರೆಗೆ ಕಡಿಮೆ ಮಾಡಿದರೂ ಏರಿಳಿಯಲು ನಿಮಗೆ ಹಂಚಿದ ವೇಳೆಯನ್ನು ಕಸಿದುಕೊಳ್ಳುವುದಿಲ್ಲ ಎಂದು ಅದೇ ಆಡಳಿತ ಕಂಪನಿಗಳಿಗೆ ಹೇಳಬೇಕಾಯಿತು. ಪ್ರಯಾಣಿಕರು ಹಿಂದಿರುಗಿದ್ದರು, ನಿಯಂತ್ರಕರು ಸಾಲುತ್ತಿರಲಿಲ್ಲ. ಹೊಸಬನೊಬ್ಬ ತರಗತಿಯಿಂದ ಹೊರಟು ದಟ್ಟಣೆಯ ಘಟಕವೊಂದರಲ್ಲಿ ಸ್ವತಂತ್ರವಾಗಿ ಕೂರಲು ವರ್ಷಗಳೇ ಬೇಕು; ಆ ಕಾಲವನ್ನು ಹಣ ಕೊಟ್ಟು ಕೊಳ್ಳಲಾಗುವುದಿಲ್ಲ.

ಧಾರವಾಡದ ವಿದ್ಯಾರ್ಥಿನಿ

ಇಬ್ಬರಿಗೂ ಅನಂತ ವಂದನೆಗಳು. ಅಗ್ನಿಶಾಮಕ ದರ್ಜೆಯ ವಿವರ ನನಗೆ ಸಂಪೂರ್ಣ ಹೊಸದು.

ಒಂದು ಮರುಪ್ರಶ್ನೆ ಕೇಳಲೇ? ಖರ್ಚು ಇಳಿಯದು, ಆದಾಯ ಇಳಿಯುತ್ತದೆ ಎಂದಮೇಲೆ ಉಳಿಯುವ ದಾರಿಗಳು ಮೂರೇ ಎಂದು ತೋರುತ್ತದೆ: ಸುಂಕ ಏರಿಸುವುದು, ಸರ್ಕಾರದಿಂದ ಹಣ ಪಡೆಯುವುದು, ಅಥವಾ ಸಾಲ ಮಾಡಿ ಕಾಯುವುದು. ಉಳಿದಿರುವ ಕೆಲವೇ ವಿಮಾನಗಳ ಮೇಲೆ ಹೆಚ್ಚು ಸುಂಕ ಹಾಕಿದರೆ ಅವೂ ನಿಲ್ಲುವುದಿಲ್ಲವೇ? ಯಾವ ದೇಶವಾದರೂ ಹಾಗೆ ಮಾಡಿದೆಯೇ?

ಒಂಟಾರಿಯೊ ಕನ್ನಡತಿ

ಮಾಡಿದೆ, ನಾನಿರುವ ದೇಶವೇ.

ಕೆನಡಾದಲ್ಲಿ ಸಂಚಾರ ನಿಯಂತ್ರಣವನ್ನು 1996ರಲ್ಲಿ ಸರ್ಕಾರ ನಾವ್ ಕೆನಡಾ ಎಂಬ ಸಂಸ್ಥೆಗೆ 150 ಕೋಟಿ ಕೆನಡಿಯನ್ ಡಾಲರಿಗೆ ಮಾರಿತು. ಅದಕ್ಕೆ ಷೇರುದಾರರಿಲ್ಲ, ಲಾಭದ ಉದ್ದೇಶವೂ ಇಲ್ಲ. ವಿಮಾನಯಾನ ಕಂಪನಿಗಳು ತೆರುವ ಶುಲ್ಕದಿಂದಲೇ ಅದರ ಖರ್ಚು ನಡೆಯಬೇಕು. ಒಳ್ಳೆಯ ವರ್ಷಗಳಲ್ಲಿ ಹೆಚ್ಚುವರಿ ಹಣವನ್ನು ದರ ಸ್ಥಿರೀಕರಣದ ಖಾತೆಯಲ್ಲಿಟ್ಟು ಕೆಟ್ಟ ವರ್ಷಗಳಲ್ಲಿ ಬಳಸುವ ವ್ಯವಸ್ಥೆ ಅಲ್ಲಿದೆ. ಸಣ್ಣಪುಟ್ಟ ಹಿಂಜರಿತಗಳಿಗೆ ಇದು ಚೆನ್ನಾಗಿಯೇ ಒದಗಿಬಂದಿತ್ತು. 2020ರ ಕುಸಿತದ ಮುಂದೆ ಆ ಖಾತೆ ಯಾವ ಮೂಲೆಗೂ ಸಾಲಲಿಲ್ಲ. ಷೇರುದಾರರಿಲ್ಲದ ಸಂಸ್ಥೆಗೆ ಬಂಡವಾಳ ಹಾಕೆಂದು ಕೇಳಲು ಮಾಲೀಕನೂ ಇರಲಿಲ್ಲ. ಕೊನೆಗೆ 2020ರ ಸೆಪ್ಟೆಂಬರ್ 1ರಿಂದ ಸೇವಾ ದರಗಳನ್ನು ಸರಾಸರಿ ಶೇ 29.5ರಷ್ಟು ಏರಿಸಲಾಯಿತು. ವಿಮಾನಯಾನ ಕಂಪನಿಗಳು ಪ್ರತಿಭಟಿಸಿದವು, ಏರಿಕೆ ನಿಲ್ಲಲಿಲ್ಲ.

ಸಿಬ್ಬಂದಿಯಲ್ಲಿ ನೂರಾರು ಜನರನ್ನು ಕಡಿತಗೊಳಿಸಿದ್ದೂ ಆಗಲೇ. ರೆಜೈನಾ, ವಿಂಡ್ಸರ್ ಮೊದಲಾದ ಊರುಗಳ ನಿಯಂತ್ರಣ ಗೋಪುರಗಳನ್ನು ಇಟ್ಟುಕೊಳ್ಳಬೇಕೇ ಮುಚ್ಚಬೇಕೇ ಎಂಬ ಪರಿಶೀಲನೆಯೂ ಆರಂಭವಾಯಿತು. ಆ ಊರುಗಳವರು ಸುಮ್ಮನೆ ಕೂರಲಿಲ್ಲ. 2021ರ ಏಪ್ರಿಲ್ ಹೊತ್ತಿಗೆ ಗೋಪುರಗಳನ್ನು ಮುಚ್ಚುವುದಿಲ್ಲವೆಂದು ಸಂಸ್ಥೆ ಪ್ರಕಟಿಸಿತು. ಜನರನ್ನು ಕಡಿತಗೊಳಿಸಿದ ಫಲ ಮಾತ್ರ ನಂತರದ ಬೇಸಿಗೆಗಳಲ್ಲಿ ನಿಯಂತ್ರಕರ ಕೊರತೆಯಾಗಿ, ವಿಮಾನಗಳ ವಿಳಂಬವಾಗಿ ಕಾಣಿಸಿಕೊಂಡಿತು. ಗೋಪುರದ ನೆರಳು ಅವರು ಅಮೆರಿಕದ ಬಗ್ಗೆ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ. ಇಲ್ಲಿ ಕಾರಣವೂ ಹಣವೇ ಆಗಿತ್ತು.

ಯುರೋಪಿನವರು ಬೇರೆ ದಾರಿ ಹಿಡಿದರು. 2019ರಲ್ಲಿ ಸುಮಾರು 1.1 ಕೋಟಿಯಿದ್ದ ಹಾರಾಟಗಳು 2020ರಲ್ಲಿ ಸುಮಾರು 50 ಲಕ್ಷಕ್ಕೆ ಬಂದಾಗ, ಅಲ್ಲಿನ ದೇಶಗಳ ಜಂಟಿ ವಾಯುಸಂಚಾರ ಸಂಸ್ಥೆಯಾದ ಯುರೋಕಂಟ್ರೋಲ್ ಮೂಲಕ ಸಂಗ್ರಹವಾಗುವ ಮಾರ್ಗಶುಲ್ಕದ ಬಿಲ್ಲುಗಳಲ್ಲಿ ಸುಮಾರು 110 ಕೋಟಿ ಯೂರೊ ಮೊತ್ತದ ಪಾವತಿಯನ್ನು ಮುಂದೂಡಲಾಯಿತು. ಬಳಿಕ ಯುರೋಪಿಯನ್ ಒಕ್ಕೂಟ 2020 ಮತ್ತು 2021ನ್ನು ಒಂದೇ ಲೆಕ್ಕಾವಧಿಯೆಂದು ಪರಿಗಣಿಸಿ, ಆ ಕೊರತೆಯನ್ನು 2023ರಿಂದ ಐದರಿಂದ ಏಳು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ವಸೂಲು ಮಾಡಲು ನಿಯಮ ತಂದಿತು. ಕೊರತೆ ಮಾಯವಾಗಲಿಲ್ಲ. 2020ರಲ್ಲಿ ಹಾರದವನ ಬಾಕಿಯನ್ನು 2026ರಲ್ಲಿ ಹಾರುವವನು ತೀರಿಸುತ್ತಾನೆ.

ಅಮೆರಿಕದಲ್ಲಿ ಹೊರೆ ನೇರವಾಗಿ ಬೊಕ್ಕಸದ ಮೇಲೆ ಬಿತ್ತು. 2020ರ ಮಾರ್ಚ್ ಕೊನೆಯಿಂದ ವರ್ಷಾಂತ್ಯದವರೆಗೆ ಟಿಕೆಟ್ಟಿನ ಮೇಲಿನ ವಿಮಾನಯಾನ ತೆರಿಗೆಗಳನ್ನೇ ಅಮಾನತಿನಲ್ಲಿಟ್ಟು, ನಿಲ್ದಾಣಗಳಿಗೆ 1,000 ಕೋಟಿ ಡಾಲರ್ ಕೊಟ್ಟರು. ನನಗೆ ಕೇಳಿದರೆ, ಆಪತ್ತಿನಲ್ಲಿ ಬೊಕ್ಕಸ ಮುಂದೆ ಬರುವುದೇ ನ್ಯಾಯ. ವಿಮಾನಗಳನ್ನು ನಿಲ್ಲಿಸಿ ಎಂದು ಆಜ್ಞೆ ಹೊರಡಿಸುವವರೂ ಸರ್ಕಾರದವರೇ ಅಲ್ಲವೇ?

ಕರಾವಳಿಯವನು

ಇಲ್ಲಿ ಎಲ್ಲರೂ ಬಹಳ ಸೌಜನ್ಯದಿಂದ ಬರೆಯುತ್ತಿದ್ದೀರಿ. ನಾನು ಸ್ವಲ್ಪ ಖಾರವಾಗಿ ಬರೆದರೆ ಕ್ಷಮಿಸಬೇಕು.

ವಿದ್ಯಾರ್ಥಿನಿಯವರು ಮೂರು ದಾರಿಗಳೆಂದರು. ನಮ್ಮಲ್ಲಿ ಬಳಕೆಯಾದದ್ದು ನಾಲ್ಕನೆಯ ದಾರಿ: ಕೈಲಿರುವುದನ್ನು ಬಿಟ್ಟುಕೊಡುವುದು. ಮಂಗಳೂರು ನಿಲ್ದಾಣವನ್ನು ಅದಾನಿ ಸಮೂಹಕ್ಕೆ 50 ವರ್ಷಗಳ ಅವಧಿಗೆ ಹಸ್ತಾಂತರಿಸಿದ್ದು 2020ರ ಅಕ್ಟೋಬರ್ 31ರಂದು. ಸಂಚಾರ ಇನ್ನೂ ಚೇತರಿಸಿಕೊಂಡಿರದ ಹೊತ್ತು. ಕೆಲವೇ ದಿನಗಳಲ್ಲಿ ಲಖನೌ ಮತ್ತು ಅಹಮದಾಬಾದ್, ಮುಂದಿನ ವರ್ಷ ಜೈಪುರ, ಗುವಾಹಟಿ, ತಿರುವನಂತಪುರ. 2021ರ ಆಗಸ್ಟಿನಲ್ಲಿ ಪ್ರಕಟವಾದ, ಸಾರ್ವಜನಿಕ ಆಸ್ತಿಗಳನ್ನು ನಿಗದಿತ ಅವಧಿಗೆ ಖಾಸಗಿಯವರಿಗೆ ವಹಿಸಿ ಹಣ ಎತ್ತುವ ರಾಷ್ಟ್ರೀಯ ನಗದೀಕರಣ ಯೋಜನೆಯಲ್ಲಿ ಇನ್ನೂ 25 ನಿಲ್ದಾಣಗಳ ಪಟ್ಟಿಯಿತ್ತು, ನಮ್ಮ ಹುಬ್ಬಳ್ಳಿಯೂ ಸೇರಿ. ಹರಾಜು 2019ರಲ್ಲೇ ಮುಗಿದಿತ್ತು, ಕೋವಿಡ್‌ಗೂ ಇದಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ನಿರ್ಧಾರ ಹಳೆಯದು, ಒಪ್ಪುತ್ತೇನೆ. ಆದರೆ ಆದಾಯ ಬತ್ತಿದ ಸಂಸ್ಥೆಗೆ ಆ ನಿರ್ಧಾರವನ್ನು ಮರುಪರಿಶೀಲಿಸುವ ಶಕ್ತಿ ಉಳಿದಿರುತ್ತದೆಯೇ?

ದೊಡ್ಡ ನಿಲ್ದಾಣಗಳ ಗಳಿಕೆಯಿಂದಲೇ ಸಣ್ಣ ನಿಲ್ದಾಣಗಳ ದೀಪ ಉರಿಯುತ್ತಿದ್ದದ್ದು. ಸಣ್ಣ ಊರುಗಳಿಗೆ ಕಡಿಮೆ ದರದ ವಿಮಾನ ಸಂಪರ್ಕ ಕೊಡುವ ಕೇಂದ್ರದ ಉಡಾನ್ ಯೋಜನೆಯ ವಿಮಾನಗಳಿಗೆ ಇಳಿಯುವ ಶುಲ್ಕವೂ ಇಲ್ಲ, ನಿಲುಗಡೆ ಶುಲ್ಕವೂ ಇಲ್ಲ. ಗಳಿಸುವುದನ್ನು ಒಂದೊಂದಾಗಿ ಬಿಟ್ಟುಕೊಟ್ಟು ಗಳಿಸದಿರುವುದನ್ನು ಉಳಿಸಿಕೊಂಡರೆ ಮುಂದಿನ ಕುಸಿತದಲ್ಲಿ ಪ್ರಾಧಿಕಾರ ನಿಲ್ಲುವುದಾದರೂ ಯಾವ ಆಧಾರದ ಮೇಲೆ?

ಟಿಕೆಟ್ ಕೊಳ್ಳುವವನ ಕಡೆಯಿಂದಲೂ ಒಂದು ಮಾತು. ಭದ್ರತಾ ಶುಲ್ಕ ದೇಶದೊಳಗಿನ ಪ್ರಯಾಣಕ್ಕೆ 150 ರೂಪಾಯಿ ಇದ್ದದ್ದು 2020ರ ಸೆಪ್ಟೆಂಬರಿನಲ್ಲಿ 160 ಆಯಿತು, 2021ರ ಏಪ್ರಿಲ್ 1ರಿಂದ 200 ಆಯಿತು. ವಿದೇಶ ಪ್ರಯಾಣಕ್ಕೆ 4.85 ಡಾಲರ್ ಇದ್ದದ್ದು ಅಷ್ಟೇ ಅವಧಿಯಲ್ಲಿ 12 ಡಾಲರ್ ಆಯಿತು. ಕೆನಡಾದಲ್ಲಿ ಶೇ 29.5 ಏರಿಸಿದ್ದಕ್ಕೆ ಗದ್ದಲವಾಯಿತಂತೆ. ನಮ್ಮಲ್ಲಿ ಇದನ್ನು ಗಮನಿಸಿದವರೇ ಕಡಿಮೆ.

ನಿವೃತ್ತ ಲೆಕ್ಕಿಗ

ಕರಾವಳಿಯವರ ಕೋಪದಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಉಳಿದದ್ದನ್ನು ಬಿಡಿಸಿ ನೋಡೋಣ.

ಭದ್ರತಾ ಶುಲ್ಕದ ಅಂಕಿಗಳು ಸರಿ, ಆದರೆ ಆ ಹಣ ಪ್ರಾಧಿಕಾರದ ಆದಾಯವಲ್ಲ. ಅದು ಭದ್ರತೆಗೆಂದೇ ಇರುವ ಪ್ರತ್ಯೇಕ ಟ್ರಸ್ಟಿಗೆ ಹೋಗುತ್ತದೆ. ಆದರೂ ಈ ಉದಾಹರಣೆ ಪ್ರಬಂಧಕ್ಕೆ ಬಹಳ ಉಪಯುಕ್ತ. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಯ ಸಂಖ್ಯೆ ಪ್ರಯಾಣಿಕರು ಕಡಿಮೆಯಾದರೆಂದು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಹೀಗಾಗಿ ತಲೆಗೊಂದಿಷ್ಟು ಎಂಬ ಶುಲ್ಕವನ್ನು ತಲೆಗಳು ಕಡಿಮೆಯಾದಾಗ ಏರಿಸಲೇಬೇಕಾಗುತ್ತದೆ. ವಿದ್ಯಾರ್ಥಿನಿ ಕೇಳಿದ ಮೊದಲನೆಯ ದಾರಿ ನಮ್ಮಲ್ಲಿಯೂ ಬಳಕೆಯಾಯಿತು ಎನ್ನಲು ಇದೇ ಸಾಕ್ಷಿ.

ಮಂಗಳೂರಿನ ವಿಷಯಕ್ಕೆ ಬರೋಣ. ಅಲ್ಲಿನ ಒಪ್ಪಂದ ದೆಹಲಿಯ ಹಾಗೆ ಆದಾಯದ ಪಾಲಲ್ಲ. ದೇಶದೊಳಗಿನ ಒಬ್ಬ ಪ್ರಯಾಣಿಕನಿಗೆ 115 ರೂಪಾಯಿಯಂತೆ ಪ್ರಾಧಿಕಾರಕ್ಕೆ ಕೊಡಬೇಕೆಂಬ ಬಿಡ್ ಅದು. ಅಹಮದಾಬಾದಿನದು 177, ತಿರುವನಂತಪುರದ್ದು 168. ಪಾಲಿನ ಲೆಕ್ಕದಲ್ಲಿ ಖಾಸಗಿಯವರ ಅಂಗಡಿ ಬಾಡಿಗೆ ಏರಿದರೆ ಪ್ರಾಧಿಕಾರಕ್ಕೂ ಲಾಭವಿತ್ತು; ತಲೆಲೆಕ್ಕದಲ್ಲಿ ಅದಿಲ್ಲ. ಪ್ರಯಾಣಿಕರು ಬರದಿದ್ದರೆ ಮಾತ್ರ ಎರಡರಲ್ಲಿಯೂ ಪ್ರಾಧಿಕಾರಕ್ಕೆ ಬರುವುದು ಏನೂ ಇಲ್ಲ. ಖಾಸಗೀಕರಣದಿಂದ ಪ್ರಾಧಿಕಾರದ ಅಪಾಯ ಕಡಿಮೆಯಾಗುತ್ತದೆ ಎಂಬ ವಾದವನ್ನು ನಾನು ಪೂರ್ತಿ ಒಪ್ಪದಿರುವುದು ಇದೇ ಕಾರಣಕ್ಕೆ. ಕಟ್ಟಡ ಕಟ್ಟುವ, ರನ್‌ವೇ ಡಾಂಬರು ಹಾಕುವ ಖರ್ಚಿನ ಅಪಾಯ ಹೊರಗೆ ಹೋಗುತ್ತದೆ, ನಿಜ. ಸಂಚಾರ ಕುಸಿಯುವ ಅಪಾಯ ಮನೆಯಲ್ಲೇ ಉಳಿಯುತ್ತದೆ.

ಬೆಂಗಳೂರಿನದು ಮತ್ತೊಂದು ಬಗೆ. ಅಲ್ಲಿ ಪ್ರಾಧಿಕಾರಕ್ಕೆ ಇರುವುದು ಶೇ 13ರ ಷೇರು ಮತ್ತು ಸಂಚಾರ ನಿಯಂತ್ರಣದ ಶುಲ್ಕ. 2019-20ರಲ್ಲಿ 3.2 ಕೋಟಿ ದಾಟಿದ್ದ ಪ್ರಯಾಣಿಕರು 2020-21ರಲ್ಲಿ ಸುಮಾರು 1.09 ಕೋಟಿಗೆ ಇಳಿದಾಗ ಆ ನಷ್ಟದ ದೊಡ್ಡ ಭಾಗ ಬಿದ್ದದ್ದು ನಿಲ್ದಾಣದ ಕಂಪನಿಯ ಮೇಲೆ.

ಈಗ ಕೊರತೆಯನ್ನು ಅಂತಿಮವಾಗಿ ಯಾರು ತುಂಬಿದರು ಎಂಬ ಮೊದಲ ಪ್ರಶ್ನೆಗೆ. ಒಂಟಾರಿಯೊದ ಸೋದರಿ ಯುರೋಪಿನ ಏಳು ವರ್ಷಗಳ ವಸೂಲಿಯ ಬಗ್ಗೆ ಹೇಳಿದರಲ್ಲ, ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಎಇಆರ್‌ಎಯ, ದರ ನಿಗದಿ ಪದ್ಧತಿ. ವರ್ಷಕ್ಕೆ 35 ಲಕ್ಷಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಪ್ರಮುಖ ನಿಲ್ದಾಣಗಳಿಗೆ ಅದು ಐದೈದು ವರ್ಷಗಳ ಅವಧಿಗೆ ದರ ಗೊತ್ತುಮಾಡುತ್ತದೆ. ಅವಧಿಯಲ್ಲಿ ಎಣಿಸಿದ್ದಕ್ಕಿಂತ ಕಡಿಮೆ ವಸೂಲಾಗಿದ್ದರೆ ಆ ವ್ಯತ್ಯಾಸವನ್ನು, ಹಣದ ಕಾಲಮೌಲ್ಯವನ್ನೂ ಸೇರಿಸಿ, ಮುಂದಿನ ಅವಧಿಯ ದರಕ್ಕೆ ಹೊಂದಿಸುತ್ತದೆ. ಸಾಂಕ್ರಾಮಿಕದ ವರ್ಷಗಳ ಕೊರತೆ ಈ ಬಾಗಿಲಿನಿಂದಲೇ ಒಳಗೆ ಬಂದು ನಂತರದ ಯುಡಿಎಫ್‌ನಲ್ಲಿ ಕರಗಿದೆ. ಟಿಕೆಟ್ಟಿನಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿಲ್ಲದ ಕಾರಣ ಯಾರಿಗೂ ಕಾಣುವುದಿಲ್ಲ. ಆದರೆ ಈ ರಕ್ಷಣೆ ಪ್ರಮುಖ ನಿಲ್ದಾಣಗಳಿಗೆ ಮಾತ್ರ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಂಥವು ಆ ಮಿತಿಯ ಕೆಳಗಿದ್ದು, ಅವುಗಳ ಕೊರತೆಯನ್ನು ಪ್ರಾಧಿಕಾರ ತನ್ನ ಗಂಟಿನಿಂದಲೇ ಭರಿಸಬೇಕು.

ಸರ್ಕಾರ ಏನೂ ಮಾಡಲಿಲ್ಲವೆಂದಲ್ಲ. 2020ರ ಮೇ 16ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ದೇಶದ ವಾಯುಪ್ರದೇಶದಲ್ಲಿ ಶೇ 60 ಮಾತ್ರ ನಾಗರಿಕ ವಿಮಾನಗಳಿಗೆ ಮುಕ್ತವಾಗಿದೆ, ಉಳಿದುದರ ಮೇಲಿನ ನಿರ್ಬಂಧ ಸಡಿಲಿಸಿದರೆ ವಿಮಾನಯಾನ ಕ್ಷೇತ್ರಕ್ಕೆ ವರ್ಷಕ್ಕೆ 1,000 ಕೋಟಿ ರೂಪಾಯಿ ಉಳಿತಾಯವಾಗುತ್ತದೆ ಎಂದು ಪ್ರಕಟಿಸಿದರು. ಮಾರ್ಗಗಳು ನೇರವಾದರೆ ಇಂಧನ ಉಳಿಯುತ್ತದೆ, ಇದು ಒಳ್ಳೆಯ ಸುಧಾರಣೆಯೇ. ಆಕಾಶ ಖಾಲಿಯಿದ್ದ ದಿನಗಳು ಅಂಥ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ ಕೂಡ. ಆದರೆ ಗಮನಿಸು, ಆ ಉಳಿತಾಯ ವಿಮಾನಯಾನ ಕಂಪನಿಗಳಿಗೆ. ಮಾರ್ಗಶುಲ್ಕ ದೂರದ ಮೇಲೆ ನಿಂತಿರುವುದರಿಂದ ದಾರಿ ಕಿರಿದಾದಷ್ಟೂ ಪ್ರಾಧಿಕಾರದ ಬಿಲ್ಲು ಇಳಿಯುವ ಸಾಧ್ಯತೆಯೇ ಹೆಚ್ಚು.

ಗೋಪುರದ ನೆರಳು

ಲೆಕ್ಕಿಗರ ಕೊನೆಯ ಮಾತಿಗೆ ಒಂದು ಸಣ್ಣ ತಿದ್ದುಪಡಿ: ದಾರಿ ನೇರವಾದರೆ ನಮ್ಮ ಆಕಾಶವನ್ನು ತಪ್ಪಿಸಿ ಹೋಗುತ್ತಿದ್ದ ಕೆಲವು ವಿದೇಶಿ ವಿಮಾನಗಳು ಇತ್ತ ತಿರುಗಬಹುದು. ಹಾಗಾಗಿ ನಷ್ಟವೇ ಎಂದು ಖಚಿತವಾಗಿ ಹೇಳಲಾಗದು.

ಧಾರವಾಡದ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ಈಗ ನನ್ನ ಅಧ್ಯಾಯದ ವಿಂಗಡಣೆಯನ್ನೇ ಬದಲಿಸುತ್ತಿದ್ದೇನೆ. ಆದಾಯದ ಬಾಬತ್ತುಗಳನ್ನು ಹೆಸರಿನ ಪ್ರಕಾರ ಇಡುವ ಬದಲು, ಅವು ತೂಕ, ದೂರ, ತಲೆ, ಪಾಲು ಇವುಗಳಲ್ಲಿ ಯಾವುದರ ಮೇಲೆ ನಿಂತಿವೆ ಎಂಬುದರ ಪ್ರಕಾರ ಇಡುತ್ತೇನೆ. ಒಂದು ಸಂದೇಹ ಮಾತ್ರ ಉಳಿದಿದೆ: ದೆಹಲಿ ಮತ್ತು ಮುಂಬೈಯ ವಿವಾದಿತ ಶುಲ್ಕವನ್ನು 2020-21ರ ಕೋಷ್ಟಕದಲ್ಲಿ ಆದಾಯವೆಂದು ತೋರಿಸಲೇ, ಬಿಡಲೇ?

ನಿವೃತ್ತ ಲೆಕ್ಕಿಗ

ಎರಡು ಸಾಲು ಹಾಕು. ಒಪ್ಪಂದದ ಪ್ರಕಾರ ಬರಬೇಕಿದ್ದದ್ದು ಒಂದು, ನಿಜವಾಗಿ ಕೈಸೇರಿದ್ದು ಇನ್ನೊಂದು. ತೀರ್ಪು ಬಂದದ್ದು 2024ರಲ್ಲಾದ್ದರಿಂದ, ಮೊದಲ ಸಾಲನ್ನು 2020-21ರ ಆದಾಯಕ್ಕೆ ಕೂಡಿಸಬೇಡ. ಕೂಡಿಸಿದರೆ ಕುಸಿತ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ವಾರ್ಷಿಕ ವರದಿಯಲ್ಲಿ ಲಾಭನಷ್ಟದ ಪುಟ ನೋಡಿ ನಿಲ್ಲಿಸದೆ, ಲೆಕ್ಕಪತ್ರಗಳಿಗೆ ಲಗತ್ತಿಸಿದ ಟಿಪ್ಪಣಿಗಳಲ್ಲಿ ಸಂದೇಹಾಸ್ಪದ ಬಾಕಿಗೆ ಎಷ್ಟು ಮೊತ್ತ ತೆಗೆದಿರಿಸಿದ್ದಾರೆ ಎಂಬುದನ್ನೂ ಓದು. ವಿಮಾನಯಾನ ಕಂಪನಿಗಳು ಕಷ್ಟಕ್ಕೆ ಸಿಲುಕಿದಾಗ ಮೊದಲು ತಡವಾಗುವುದು ಪ್ರಾಧಿಕಾರದ ಬಿಲ್ಲು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್ ನಿಂತ ವರ್ಷಗಳ ವರದಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರೆ, 2020ರ ಕುಸಿತದಲ್ಲಿ ಹೊಸದು ಎಷ್ಟು, ಹಳೆಯದು ಎಷ್ಟು ಎಂಬುದು ನಿನಗೇ ತಿಳಿಯುತ್ತದೆ.